ಒಂದು ಓಟಿಗೆ ಹೋದ ಗಂಟಲು

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲ ದಿನವೇ ಇಲ್ಲಿಯ ಜನ ಎಷ್ಟು ಸಾಧುಗಳು ಎಂದು ಮೆಚ್ಚಿಕೊಳ್ಳುತ್ತಾರೆ. ನಲ್ಲಿಯ ಹತ್ತಿರ ಹೆಂಗಸರು ಬಿಂದಿಗೆ ಹಿಡಿದು ಎದುರುಬದುರು ನಿಂತಿರುತ್ತಾರೆ, ಕೈ ಬೀಸುತ್ತಿರುತ್ತಾರೆ, ಬಾಯಿ ಬಿಡುವಿಲ್ಲದೆ ಆಡುತ್ತಿರುತ್ತದೆ, ಆದರೆ ಕೇಳಿಸುವುದು ನೀರು ಬೀಳುವ ಸದ್ದು ಮಾತ್ರ. ಇಲ್ಲಿ ಸಿಟ್ಟು ಬಂದವರಿಗೆ ಸ್ವರ ಹೋಗುತ್ತದೆ. ಸಿಟ್ಟು ಇಳಿದ ಮೇಲೆ ವಾಪಸು ಬರುತ್ತದೆ. ಸಣ್ಣ ಸಿಟ್ಟಾದರೆ ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು, ದೊಡ್ಡದಾದರೆ ಎರಡು ದಿನ. ಗಂಡ ಹೆಂಡಿರ ಜಗಳ ಪಕ್ಕದ ಮನೆಗೆ ಕೇಳಿಸುವುದಿಲ್ಲ. ಕೇಳಿಸದಿದ್ದರೆ ಪಕ್ಕದ ಮನೆಯವರಿಗೆ ಗೊತ್ತಾಗುವುದಿಲ್ಲ ಎಂದಲ್ಲ, ಅಷ್ಟು ಹೊತ್ತು ಆ ಮನೆಯಲ್ಲಿ ಇನ್ನೇನು ನಡೆದೀತು ಎಂದು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಚುನಾವಣೆ ಬಂದರೆ ಮಾತ್ರ ಸ್ವಲ್ಪ ಕಷ್ಟ. ನಮ್ಮಲ್ಲಿರುವುದು ಎರಡೇ ಪಕ್ಷ. ಏಣಿಯವರು ಪೇಟೆ ಬೀದಿಗೆ ಮೇಲ್ಸೇತುವೆ ಬೇಕು ಎನ್ನುತ್ತಾರೆ, ಛತ್ರಿಯವರು ಸಂತೆ ಮೈದಾನಕ್ಕೆ ಸೂರು ಬೇಕು ಎನ್ನುತ್ತಾರೆ. ಇಬ್ಬರೂ ಸರದಿಯ ಮೇಲೆ ಗೆದ್ದು ಎರಡನ್ನೂ ಕಟ್ಟಿಲ್ಲ. ಭಾಷಣ ಶುರುವಾದಾಗ ಮುಖಂಡರ ಮಾತು ಚೆನ್ನಾಗಿಯೇ ಕೇಳಿಸುತ್ತದೆ. ಎದುರು ಪಕ್ಷದ ಹೆಸರು ಬಂದೊಡನೆ ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಮೈಕಿನಲ್ಲಿ ಬರೀ ಗುಂಯ್ ಎನ್ನುವ ಸದ್ದು ಉಳಿಯುತ್ತದೆ. ಜನ ಬೆರಳು ಎಲ್ಲಿಗೆ ಎದ್ದಿತು ಎಂದು ನೋಡಿಕೊಂಡು ಚಪ್ಪಾಳೆ ತಟ್ಟುತ್ತಾರೆ. ಮಾರನೆಯ ದಿನ ಪತ್ರಿಕೆಯಲ್ಲಿ "ನಾಯಕರು ಬಹಳ ಹೊತ್ತು ಕೇಳಿಸದಂತೆ ಮಾತನಾಡಿದರು" ಎಂದು ಬರುತ್ತದೆ. ಅದನ್ನು ಒಳ್ಳೆಯ ಭಾಷಣ ಎಂದು ತಿಳಿಯಬೇಕು.

ಇಂಥ ಊರಿನಲ್ಲಿ ನಾವು ಕೆಲವರು ಹಾಡುವ ಹವ್ಯಾಸ ಇಟ್ಟುಕೊಂಡಿದ್ದೇವೆ. ಪ್ರತಿ ಬುಧವಾರ ಸಂಜೆ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಸೇರುತ್ತೇವೆ. ನಾನು ಹಾರ್ಮೋನಿಯಂ ನುಡಿಸುತ್ತೇನೆ. ನನ್ನನ್ನು ಎಲ್ಲರೂ ನೀಲಕ್ಕ ಎನ್ನುತ್ತಾರೆ. ನನಗಿಂತ ದೊಡ್ಡವರೂ ಹಾಗೇ ಕರೆಯುತ್ತಾರೆ, ನಾನು ಕೇಳಿಸಿಕೊಳ್ಳದ ಹಾಗೆ ಇರುತ್ತೇನೆ. ಕೂಟದಲ್ಲಿ ಏಣಿಯವರೂ ಇದ್ದಾರೆ, ಛತ್ರಿಯವರೂ ಇದ್ದಾರೆ. ಹಿಂದೊಂದು ಚುನಾವಣೆಯ ವರ್ಷ ನಾವು ಹಾಡು ಬಿಟ್ಟು ಮೇಲ್ಸೇತುವೆಯ ಮಾತು ತೆಗೆದು, ಒಬ್ಬೊಬ್ಬರೇ ಸ್ವರ ಕಳೆದುಕೊಂಡೆವು. ಕೊನೆಗೆ ಕೋಣೆಯಲ್ಲಿ ನನ್ನ ಪೆಟ್ಟಿಗೆಯೊಂದೇ ಹಾಡುತ್ತಿತ್ತು. ಉಳಿದವರೆಲ್ಲ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದರು. ಊರಿಗೆ ಇದು ಸರಿಹೋದೀತು, ಹಾಡುವವರಿಗೆ ಹೇಗೆ ಸರಿಹೋಗಬೇಕು?

ಆಗ ನಿಯಮ ಮಾಡಿದವನು ಬೇಕರಿಯ ತಿಮ್ಮರಾಯಪ್ಪ. ರಾಜಕೀಯ ಮಾತಾಡಬೇಡಿ ಎಂದರೆ ಯಾರೂ ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಏಕೆಂದರೆ ಅವನೇ ಕೇಳುತ್ತಿರಲಿಲ್ಲ. ಮಾತಾಡಿ, ಆದರೆ ಹಾಡಿನಲ್ಲಿ ಮಾತಾಡಿ ಎಂದ. ಎದುರು ಪಕ್ಷವನ್ನು ಏನು ಬೇಕಾದರೂ ಬೈಯಬಹುದು, ರಾಗ ಬಿಡಬಾರದು, ತಾಳ ತಪ್ಪಬಾರದು. ಬೈಸಿಕೊಂಡವನು ನಕ್ಕರೆ ಬೈದವನಿಗೆ ಗೆಲುವು. ಇದು ಬಹಳ ಉಪಾಯದ ನಿಯಮವೆಂದು ಆಮೇಲೆ ತಿಳಿಯಿತು. ಮುಂದಿನ ಸಾಲಿಗೆ ಪದ ಹೊಂದಿಸುತ್ತ, ಜೊತೆಗೆ ತಾಳವನ್ನೂ ನೋಡಿಕೊಳ್ಳುತ್ತಿರುವ ಮನುಷ್ಯನಿಗೆ ಸಿಟ್ಟು ಮಾಡಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ.

ಬೈಗುಳಕ್ಕೆ ನಾವು ಆರಿಸಿಕೊಂಡದ್ದು ಹೆಣ್ಣೊಪ್ಪಿಸುವ ಹಾಡಿನ ಧಾಟಿ. ಅದು ನಿಧಾನದ ಧಾಟಿ, ಯಾವ ಪದ ಹಾಕಿದರೂ ಕುಳಿತುಕೊಳ್ಳುತ್ತದೆ. ನಮ್ಮ ಊರಲ್ಲಿ ಮದುವೆಯ ಕೊನೆಗೆ ಹೆಣ್ಣಿನ ತಂದೆ ಆ ಹಾಡನ್ನು ತಾನೇ ಹಾಡಿ ಮಗಳನ್ನು ಗಂಡಿನವರ ಕೈಗೆ ಒಪ್ಪಿಸಬೇಕು. ಬೇರೆಯವರು ಹಾಡಿದರೆ ಆಗುವುದಿಲ್ಲ. ಹಾಡು ಬಾರದ ತಂದೆಯರು ತಿಂಗಳುಗಟ್ಟಲೆ ಮೊದಲೇ ನಮ್ಮಲ್ಲಿಗೆ ಬಂದು ಕಲಿತು ಹೋಗುತ್ತಾರೆ. ಅವರಿಗೆ ಕಲಿಸುತ್ತಿದ್ದವನು ಸೈಕಲ್ ಅಂಗಡಿಯ ಹೊನ್ನಪ್ಪ. ಅವನಂಥ ಗಂಟಲು ನಮ್ಮ ಕೂಟದಲ್ಲಿ ಇನ್ನೊಂದಿಲ್ಲ. ಅವನು ಏಣಿ, ತಿಮ್ಮರಾಯಪ್ಪ ಛತ್ರಿ, ಇಬ್ಬರೂ ಒಂದೇ ಬೆಂಚಿನಲ್ಲಿ ಓದಿ ಒಟ್ಟಿಗೇ ಶಾಲೆ ಬಿಟ್ಟವರು.

ಆ ಇಬ್ಬರ ಬೈಗುಳ ಕೇಳಲು ಕೆಳಗೆ ಗಿರಣಿಗೆ ಬಂದವರು ಹಿಟ್ಟು ಬೀಸಿಯಾದ ಮೇಲೂ ನಿಲ್ಲುತ್ತಿದ್ದರು. ತಿಮ್ಮರಾಯಪ್ಪ ಕಣ್ಣು ಮುಚ್ಚಿ ಭಕ್ತಿಯಿಂದ, "ಏಣಿ ತಂದರು ಏಣಿ, ಗೋಡೆ ಮರೆತು ಬಂದರು, ಒರಗಿಸಾಕೆ ಜಾಗ ಇಲ್ದೆ ಹೊತ್ಕೊಂಡೇ ನಿಂತರು" ಎಂದು ಎಳೆಯುತ್ತಿದ್ದ. ಹೊನ್ನಪ್ಪ ಅದಕ್ಕಿಂತ ಭಕ್ತಿಯಿಂದ, "ಛತ್ರಿ ಬಿಚ್ಚಿ ಬಂದರು, ಬಟ್ಟೆ ಹಾಕೋದ್ ಮರೆತರು, ಕಡ್ಡಿ ಕೆಳಗೆ ನಿಂತ್ಕೊಂಡು ಮಳೆ ನಿಂತ್ಹೋಯ್ತು ಅಂದರು" ಎಂದು ಉತ್ತರ ಕೊಡುತ್ತಿದ್ದ. ನಾನೂ ಛತ್ರಿಯವಳೇ, ಆದರೂ ಎರಡನೆಯದಕ್ಕೇ ಹೆಚ್ಚು ನಕ್ಕಿದ್ದೇನೆ.

ಹೋದ ಸಲ ಪುರಸಭೆಯ ಚುನಾವಣೆಗೆ ಏಣಿಯವರು ಹೊನ್ನಪ್ಪನನ್ನೇ ನಮ್ಮ ವಾರ್ಡಿಗೆ ನಿಲ್ಲಿಸಿಬಿಟ್ಟರು. ಅಷ್ಟು ಚೆನ್ನಾಗಿ ಹಾಡುವವನು ಸಿಟ್ಟು ಮಾಡಿಕೊಳ್ಳುವುದಿಲ್ಲ, ಹಾಗಾಗಿ ಭಾಷಣ ಪೂರ್ತಿ ಕೇಳಿಸುತ್ತದೆ ಎಂದು ಅವರ ಲೆಕ್ಕಾಚಾರ. ಅವನು ಬಿಳಿ ಅಂಗಿ ಹೊಲಿಸಿಕೊಂಡು ಕೈ ಮುಗಿದುಕೊಂಡು ಬೀದಿ ಬೀದಿ ಸುತ್ತಿದ. ನಮ್ಮ ಮನೆಗೂ ಬಂದ. "ನೀಲಕ್ಕ, ನೀನು ಛತ್ರಿ ಅಂತ ಗೊತ್ತು. ಆದ್ರೂ ಕೇಳೋದು ನನ್ನ ಧರ್ಮ" ಎಂದ. "ಕಾಫಿ ಕುಡೀತೀಯಾ?" ಎಂದೆ. ಕುಡಿದು ಹೋದ. ಎಣಿಕೆಯ ದಿನ ಒಂದೇ ಒಂದು ಓಟಿನಿಂದ ಸೋತ.

ಹತ್ತು ಓಟಿನಿಂದ ಸೋತಿದ್ದರೆ ಊರಿನ ಮೇಲೆ ಸಿಟ್ಟು ಬರುತ್ತಿತ್ತು, ನೂರು ಓಟಾದರೆ ಪಕ್ಷದ ಮೇಲೆ ಬರುತ್ತಿತ್ತು. ಒಂದು ಓಟೆಂದರೆ ಅದಕ್ಕೊಂದು ಮುಖ ಬೇಕಾಗುತ್ತದೆ. ಆದರೂ ಹೊನ್ನಪ್ಪ ಆ ಬುಧವಾರ ಎಂದಿನಂತೆ ಬಂದ, ಜಮಖಾನದ ಮೇಲೆ ಕುಳಿತ, ಗಂಟಲು ಸರಿಮಾಡಿಕೊಂಡ. ತಿಮ್ಮರಾಯಪ್ಪನೇ ಶುರುಮಾಡಿದ: "ಏಣಿ ಏರಿ ಹೋದ ನಮ್ಮ ಹೊನ್ನಪ್ಪ ಮೇಲಕೆ, ಒಂದೇ ಮೆಟ್ಲು ಕಮ್ಮಿ ಬಿತ್ತು ಅಟ್ಟ ಮುಟ್ಟೋಕೆ." ನಾವು ನಕ್ಕೆವು. ಹೊನ್ನಪ್ಪನೂ ನಕ್ಕ. ನಗುತ್ತಲೇ ಹಾಡಿನಲ್ಲಿ ಕೇಳಿದ: "ಕಮ್ಮಿ ಬಿದ್ದ ಮೆಟ್ಲು ಯಾರು ಕಿತ್ತರೋ ಹೇಳಯ್ಯ." ತಿಮ್ಮರಾಯಪ್ಪ ತಾಳ ತಪ್ಪದೆ ಹೇಳಿದ: "ಕಿತ್ತ ಕೈಯಿ ನಂದೂ ಒಂದು, ಸುಳ್ಳು ಯಾಕಯ್ಯ."

ಹೊನ್ನಪ್ಪ ಉತ್ತರಕ್ಕೆ ಬಾಯಿ ತೆರೆದ. ನಾನು ಶ್ರುತಿ ಹಿಡಿದು ಕಾದೆ. ಬಾಯಿ ಆಡಿತು, ಸದ್ದಿಲ್ಲ. ಒಂದು ಆವರ್ತ ಬಿಟ್ಟು ಎತ್ತಿಕೊಳ್ಳುತ್ತಾನೇನೋ ಎಂದುಕೊಂಡೆವು. ಅವನು ಎದ್ದು ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದು ಹೋದ.

ಒಂದು ವಾರವಾಯಿತು, ಎರಡಾಯಿತು, ಅವನ ಸ್ವರ ಬರಲಿಲ್ಲ. ನಮ್ಮ ಊರಿನಲ್ಲಿ ಇಷ್ಟು ಉದ್ದದ ಸಿಟ್ಟನ್ನು ಯಾರೂ ಕಂಡಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿಗೆ ಸೈಕಲ್ ಬೆಲ್ಲಿನಲ್ಲೇ ಉತ್ತರ. ಒಂದು ಸಲ ಬಾರಿಸಿದರೆ ಹೌದು, ಎರಡು ಸಲ ಬಾರಿಸಿದರೆ ಇಲ್ಲ. ಸಂಜೆಗೆ ಆಗುತ್ತದೆಯೇ ಎಂದು ಕೇಳಿದರೆ ಬಹಳ ಹೊತ್ತು ಬಾರಿಸುತ್ತಿದ್ದ. ತಿಮ್ಮರಾಯಪ್ಪ ದಿನಾ ಬೆಳಿಗ್ಗೆ ಬಿಸಿ ಬನ್ನು ಕಳಿಸುತ್ತಿದ್ದ. ಹೊನ್ನಪ್ಪ ಬನ್ನು ತಿಂದು ಕಾಗದವನ್ನು ನೀಟಾಗಿ ಮಡಚಿ ವಾಪಸು ಕಳಿಸುತ್ತಿದ್ದ. ಇದನ್ನು ರಾಜಿ ಎನ್ನಬೇಕೋ ಜಗಳ ಎನ್ನಬೇಕೋ ಬೇಕರಿಯವರಿಗೂ ಗೊತ್ತಾಗಲಿಲ್ಲ.

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತು, ಆದರೆ ಅವನ ಮಗಳು ಚೆಲುವಿಯ ಮದುವೆ ಗೊತ್ತಾಗಿತ್ತು. ಚೆಲುವಿ ಸಂತೆ ಮೈದಾನದಲ್ಲಿ ಬಳೆ ಅಂಗಡಿ ಇಡುವ ಹುಡುಗಿ. ನಮ್ಮ ಬೀದಿಯ ಹೆಂಗಸರ ಕೈಯ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ಗಂಡಿನವರು ಹೊಳೆಯಾಚೆಯವರು, ಶಾಸ್ತ್ರದಲ್ಲಿ ಬಿಗಿ. ಹೊನ್ನಪ್ಪನ ಹೆಂಡತಿ ನಂಜಮ್ಮ ಸೆರಗು ಬಾಯಿಗಿಟ್ಟುಕೊಂಡು ನನ್ನ ಹತ್ತಿರ ಬಂದಳು. "ಊರೋರ ಹೆಣ್ಮಕ್ಕಳ್ನೆಲ್ಲ ಹಾಡಿ ಕಳಿಸ್ದೋನು, ತನ್ ಮಗಳಿಗೆ ಬಾಯಿ ಕಟ್ಕೊಂಡ್ ಕುಂತವ್ನೆ ಕಣಕ್ಕ. ಶುಂಠಿ ಕೊಟ್ಟೆ, ಜೇನು ಕೊಟ್ಟೆ, ಬೈದೂ ನೋಡ್ದೆ. ಬೈದ್ರೆ ನಂದೇ ಹೋಗ್ತದೆ ಗಂಟ್ಲು." ಹೊನ್ನಪ್ಪನಿಗೂ ಇದೇ ಸಂಕಟ. ಮನೆಯ ಹಿಂದೆ ಕುಳಿತು ಆ ಹಾಡಿನ ಮೊದಲ ಸಾಲನ್ನು ತುಟಿಯಲ್ಲೇ ಹೇಳಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಬೇಕೆಂದೇ ಸಿಟ್ಟು ಇಟ್ಟುಕೊಂಡವನಲ್ಲ ಪಾಪ, ಬಿಡಲು ಬರುತ್ತಿರಲಿಲ್ಲ ಅಷ್ಟೇ.

ನಾನು ಬೇಕರಿಗೆ ಹೋದೆ. ತಿಮ್ಮರಾಯಪ್ಪ ಹಿಟ್ಟಿನ ಕೈಯಲ್ಲೇ ಎದ್ದು ನಿಂತ. "ಏನ್ ತಿಮ್ಮರಾಯಿ, ಓಟು ಹೊನ್ನಪ್ಪಂಗೇ ಹಾಕಿದ್ದೆ, ಹಾಡಿಗೆ ಪ್ರಾಸ ಸಿಕ್ತು ಅಂತ ಹಂಗಂದೆ ಅಂತ ಒಂದ್ ಸುಳ್ಳು ಹೇಳ್ಬಾರ್ದಾ?" ಎಂದೆ. ಅವನು ಕೈಯ ಹಿಟ್ಟು ಉದುರಿಸಿಕೊಂಡ. "ಹೇಳ್ಬೋದು ನೀಲಕ್ಕ. ಅವನು ನಂಬ್ತಾನೂ ನಂಬ್ತಾನೆ. ಆಮೇಲೆ ಬುಧವಾರ ಅವನ ಮುಂದೆ ಕೂತು ಯಾವ ಬಾಯಲ್ಲಿ ಹಾಡ್ಲಿ?" "ಹೋಗ್ಲಿ, ತಪ್ಪಾಯ್ತು ಅನ್ನು." "ತಪ್ಪೇ ಮಾಡಿಲ್ವಲ್ಲ. ನನ್ ಪಕ್ಷಕ್ಕೆ ನಾನ್ ಹಾಕ್ದೆ. ಅವನು ನಿಂತ ಅಂತ ನಂಗೆ ಮೇಲ್ಸೇತುವೆ ಬೇಕನ್ಸತ್ತಾ?" ಎಂದು ಹೇಳುವಷ್ಟರಲ್ಲಿ ಅವನ ಸ್ವರವೂ ಕಮ್ಮಿಯಾಗತೊಡಗಿತು. ನಾನು ಎರಡು ರಸ್ಕು ತೆಗೆದುಕೊಂಡು ಬಂದುಬಿಟ್ಟೆ.

ಮದುವೆ ಚೆನ್ನಾಗಿಯೇ ಆಯಿತು. ತಾಳಿ ಕಟ್ಟಿಸಲು ಹೆಣ್ಣಿನ ತಂದೆ ಬಾಯಿ ಬಿಡಬೇಕಾಗಿಲ್ಲ. ಊಟವೂ ಆಯಿತು. ಹೆಣ್ಣೊಪ್ಪಿಸುವ ಹೊತ್ತು ಬಂದಾಗ ಚೆಲುವಿಯನ್ನು ಗಂಡಿನ ಪಕ್ಕ ಕೂರಿಸಿದರು, ಗಂಡಿನ ದೊಡ್ಡಪ್ಪ ಎದುರಿಗೆ ಕುಳಿತ, ನಮ್ಮ ಕೂಟದವರು ಗೋಡೆಯ ಪಕ್ಕ ಕುಳಿತೆವು. ನಾನು ಶ್ರುತಿ ಕೊಟ್ಟೆ. ಹೊನ್ನಪ್ಪ ಮಗಳ ಕೈ ಹಿಡಿದು ನಿಂತ. ಬಾಯಿ ತೆರೆದ. ಇಡೀ ಮಂಟಪ ಮುಂದಕ್ಕೆ ಬಾಗಿತು. ಅವನ ತುಟಿಗಳು ಒಂದಕ್ಷರವೂ ಬಿಡದೆ ಮೊದಲ ಸಾಲನ್ನು ಪೂರ್ತಿ ಹೇಳಿದವು. ಕೇಳಿಸಿದ್ದು ನನ್ನ ಹಾರ್ಮೋನಿಯಂ ಮಾತ್ರ.

ಗಂಡಿನ ದೊಡ್ಡಪ್ಪ ಕಾದು ನೋಡಿ ಹೇಳಿದ: "ಬೀಗರೆ, ಸ್ವರ ಹೋಗಿದೆ ಅಂದ್ರೆ ಸಿಟ್ಟಿದೆ ಅಂತಾಯ್ತು. ಯಾರ ಮೇಲೆ? ನಮ್ಮ ಮೇಲೇನಾ? ಸಿಟ್ಟಲ್ಲಿ ಕೊಡೋ ಹೆಣ್ಣನ್ನ ನಾವು ಹೊಳೆ ದಾಟಿಸ್ಕೊಂಡು..." ಅಲ್ಲಿಗೆ ಅವನ ಸ್ವರವೂ ಹೋಯಿತು. ಹೊನ್ನಪ್ಪ ಎರಡೂ ಕೈ ಆಡಿಸಿ ಇಲ್ಲ ಇಲ್ಲ ಎಂದ. ಹೆಣ್ಣು ಕೊಡುವುದೇ ಇಲ್ಲ ಎನ್ನುತ್ತಿದ್ದಾನೆಂದು ಅವರು ತಿಳಿದುಕೊಂಡರು. ಗಂಡಿನ ಕಡೆಯ ಗಂಡಸರು ಒಬ್ಬೊಬ್ಬರಾಗಿ ಎದ್ದು ನಿಂತು ಒಬ್ಬೊಬ್ಬರಾಗಿ ಮೂಕರಾದರು. ನಂಜಮ್ಮ ಕಂಬ ಹಿಡಿದುಕೊಂಡು ನಿಂತಳು. ನಾನು ಶ್ರುತಿ ನಿಲ್ಲಿಸಿದೆ. ಇನ್ನೇನು ಮದುವೆ ಮುರಿದಂತೆಯೇ ಎಂದುಕೊಂಡೆ.

ತಿಮ್ಮರಾಯಪ್ಪನಿಗೆ ತಡೆಯಲಾಗಲಿಲ್ಲ. ತಾನು ಜೊತೆಗೆ ಎತ್ತಿಕೊಟ್ಟರೆ ಹೊನ್ನಪ್ಪನ ಗಂಟಲು ತೆರೆದೀತು ಎಂದುಕೊಂಡನಂತೆ. ಎದ್ದು ನಿಂತು ಕೈ ಮುಗಿದು ಕಣ್ಣು ಮುಚ್ಚಿದ. ಧಾಟಿ ಸರಿಯಾಗಿಯೇ ಹಿಡಿದ. ಇಷ್ಟು ವರ್ಷ ಆ ಧಾಟಿಯಲ್ಲಿ ಬೇರೆ ಏನನ್ನು ಹಾಡಿದ್ದ ಅವನು? ಬಾಯಿಗೆ ಬಂದದ್ದು ಬಂತು: "ಏಣಿ ತಂದರು ಏಣಿ, ಗೋಡೆ ಮರೆತು ಬಂದರು..." ಎರಡನೆಯ ಸಾಲಿನ ಅರ್ಧಕ್ಕೆ ಬಂದಾಗ ಕಣ್ಣು ತೆರೆದ. ಗಂಡಿನ ಕಡೆಯವರು ಮೂರು ತಲೆಮಾರಿನಿಂದ ಏಣಿಯವರು. ಅಲ್ಲಿಯವರೆಗೆ ಅಲ್ಪಸ್ವಲ್ಪ ಗುಸುಗುಸು ಎನ್ನುತ್ತಿದ್ದ ಅವರ ಹೆಂಗಸರೂ ಈಗ ಪೂರ್ತಿ ನಿಶ್ಶಬ್ದರಾದರು. ಅಷ್ಟು ಜನ ತುಂಬಿದ ಮಂಟಪದಲ್ಲಿ ಅಡುಗೆಮನೆಯವರು ಪಾತ್ರೆ ಉಜ್ಜುವ ಸದ್ದು ಕೇಳಿಸುತ್ತಿತ್ತು.

ಆಗ ಅದೇ ಧಾಟಿಯಲ್ಲಿ ಇನ್ನೊಂದು ದನಿ ಎದ್ದಿತು. ಸಣ್ಣ ದನಿ, ನಾನು ಕೊಟ್ಟಿದ್ದ ಶ್ರುತಿಗಿಂತ ಸ್ವಲ್ಪ ಕೆಳಗೆ. "ಒಂದು ಮೆಟ್ಲು ಕಿತ್ತವರ ಮೇಲೆ ಮುನಿಸು ಯಾಕಪ್ಪ, ಕಿತ್ತ ಕೈಗೆ ಬಳೆಯೂ ಇತ್ತು, ತಿರುಗಿ ನೋಡಪ್ಪ." ಚೆಲುವಿ ಮದುಮಗಳ ಹಸಿರು ಬಳೆ ತೊಟ್ಟ ಕೈಯನ್ನು ಎತ್ತಿ ಹಿಡಿದಿದ್ದಳು.

ಹೊನ್ನಪ್ಪ ತಿರುಗಿ ನೋಡಿದ. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಮುಖ ಹೇಗಾಯಿತೆಂದರೆ, ಇನ್ನು ಈ ಜನ್ಮದಲ್ಲಿ ಇವನಿಗೆ ಸ್ವರ ಬರುವುದಿಲ್ಲ ಎಂದು ನನಗೆ ಭಯವಾಯಿತು. ಚೆಲುವಿ ಹಾಡು ಬಿಟ್ಟು ಮಾತಿಗೆ ಇಳಿದಳು. "ಹೌದಪ್ಪ. ನಾನೂ ಛತ್ರಿಗೇ ಹಾಕಿದ್ದು. ತಿಮ್ಮರಾಯಪ್ಪ ಮಾವ ಒಬ್ಬರ ಮೇಲೇ ಯಾಕ್ ಸಿಟ್ಟು? ಮಳೆ ಬಂದಾಗೆಲ್ಲ ಬಳೆ ಪೆಟ್ಟಿಗೆ ತಲೆ ಮೇಲ್ ಹೊತ್ಕೊಂಡು ಓಡೋಳು ನಾನು. ನಂಗೆ ಸೂರು ಬೇಕಿತ್ತು. ಮೇಲ್ಸೇತುವೆ ತಗೊಂಡು ನಾನೇನ್ ಮಾಡ್ಲಿ?" ಅಲ್ಲಿಯವರೆಗೆ ಗಟ್ಟಿಯಾಗಿದ್ದವಳ ದನಿ ಇಲ್ಲಿ ಒಡೆಯಿತು. "ಊರೋರ ಮನೆಗೆಲ್ಲ ಹೋಗಿ ಕೈ ಮುಗುದ್ರಿ. ಛತ್ರಿಯೋರ ಮನೆಗೂ ಹೋಗಿ ಕಾಫಿ ಕುಡುದ್ ಬಂದ್ರಿ. ನನ್ನ ಒಂದ್ ಮಾತು ಕೇಳ್ಲಿಲ್ಲ. ದಿನಾ ನಿಮ್ಗೆ ಊಟಕ್ ಬಡಿಸ್ತಿದ್ದೆ ಅಪ್ಪ."

ಹೊನ್ನಪ್ಪನ ಕುತ್ತಿಗೆಯ ಗಂಟು ಮೇಲೆ ಹೋಯಿತು, ಕೆಳಗೆ ಬಂತು. ತುಕ್ಕು ಹಿಡಿದ ಚೈನು ತಿರುಗಿದ ಹಾಗೆ ಒಂದು ಸದ್ದು ಹೊರಟಿತು. "ಕೇಳ್ಬೇಕಿತ್ತು ಕಣವ್ವ." ಇನ್ನೊಂದು ಸಲ, ಸ್ವಲ್ಪ ಜೋರಾಗಿ, "ಕೇಳ್ಬೇಕಿತ್ತು" ಎಂದ. "ಕೇಳಿದ್ರೆ ಹಾಕ್ತಿದ್ಯಾ?" ಚೆಲುವಿ ಕಣ್ಣೊರೆಸಿಕೊಂಡು, "ಯೋಚ್ನೆ ಮಾಡ್ತಿದ್ದೆ" ಎಂದಳು.

ತಿಮ್ಮರಾಯಪ್ಪ ಇನ್ನೂ ಕೈ ಮುಗಿದುಕೊಂಡೇ ನಿಂತಿದ್ದ. "ನಮ್ಮ ಪಕ್ಷದೋಳು ಅಂತ ನಂಗೇ ಗೊತ್ತಿರ್ಲಿಲ್ವಲ್ಲೇ!" ಎಂದ. ಹೊನ್ನಪ್ಪ ಅವನ ಕಡೆ ತಿರುಗಿದ. ಎಷ್ಟೋ ವಾರಗಳ ಮೇಲೆ ಅವನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. "ನಿನ್ನೂ ಕೇಳ್ಲಿಲ್ಲ ಕಣಯ್ಯ ನಾನು. ನಮ್ಮೋನೇ ಅಂತ ನಿನ್ನ ಮನೆ ದಾಟ್ಕೊಂಡ್ ಹೋದೆ. ಕೇಳಿದ್ರೆ ಹಾಕ್ತಿದ್ಯಾ?" ತಿಮ್ಮರಾಯಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಇಲ್ಲ" ಎಂದ.

ಮೊದಲು ನಕ್ಕವನು ಗಂಡಿನ ದೊಡ್ಡಪ್ಪ. ಸ್ವರ ಇನ್ನೂ ಬಂದಿರಲಿಲ್ಲವಾದ್ದರಿಂದ ಬರೀ ಹೊಟ್ಟೆ ಕುಣಿಯಿತು, ಸದ್ದು ಆಮೇಲೆ ಬಂದು ಸೇರಿಕೊಂಡಿತು. ಅವನ ಹಿಂದೆ ಎರಡೂ ಕಡೆಯವರು ನಕ್ಕರು. ನಂಜಮ್ಮ ಒಬ್ಬಳು ಅಳುತ್ತಿದ್ದಳು, ನಾನೂ ಒಂದಿಷ್ಟು ಅತ್ತೆನೆಂದು ಕಾಣುತ್ತದೆ. ಹೊನ್ನಪ್ಪ ನನ್ನ ಕಡೆ ನೋಡಿ ತಲೆಯಾಡಿಸಿದ. ನಾನು ಶ್ರುತಿ ಹಿಡಿದೆ.

ಹಾಡಿದ. ಸ್ವರ ಒರಟಾಗಿತ್ತು, ಮೇಲಿನ ಜಾಗಕ್ಕೆ ಮೊದಲಿನ ಹಾಗೆ ಏರಲಿಲ್ಲ. ಏರದ ಜಾಗದಲ್ಲಿ ತಿಮ್ಮರಾಯಪ್ಪ ಕೆಳಗಿನಿಂದ ದನಿಗೂಡಿಸಿದ, ಅದಕ್ಕೆ ಶಾಸ್ತ್ರದ ದೊಡ್ಡಪ್ಪ ಕೂಡ ಅಡ್ಡಿ ಹೇಳಲಿಲ್ಲ. ಮಡಿಲಲ್ಲಿ ಬೆಳೆದವಳನ್ನು ಮಡಿಲಿಗೆ ಹಾಕುತ್ತೇವೆ, ತಪ್ಪಿದರೆ ತಿದ್ದಿರಿ, ಹಸಿದರೆ ನೋಡಿರಿ ಎಂದು ಎಲ್ಲ ತಂದೆಯರೂ ಹಾಡುವುದನ್ನೇ ಹಾಡಿದ. ಅಲ್ಲಿಗೆ ಹಾಡು ಮುಗಿಯುತ್ತದೆ. ನಾನು ಪೆಟ್ಟಿಗೆಯ ತಿದಿ ಮುಚ್ಚುವುದರಲ್ಲಿದ್ದೆ. ಹೊನ್ನಪ್ಪ ನಿಲ್ಲಿಸಲಿಲ್ಲ. ಗಂಡಿನವರ ಕಡೆ ಕೈ ಮುಗಿದು, ನಾನು ಯಾವ ಮದುವೆಯಲ್ಲೂ ಕೇಳದ ಒಂದು ಸಾಲನ್ನು ಕೊನೆಗೆ ಸೇರಿಸಿದ: "ಇವಳನ್ನ ಕೇಳದೆ ಏನನ್ನೂ ಮಾಡಬೇಡಿ, ಕೇಳದೆ ಸೋತೋನು ಹೇಳ್ತೀನಿ, ಮರೀಬೇಡಿ."

ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟ. ಬೆಳಗಿನಿಂದ ಒಂದು ಮಾತನ್ನೂ ಆಡದಿದ್ದ ಆ ಹುಡುಗ ಎದ್ದು ನಿಂತು, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು, ಏನೋ ಜ್ಞಾಪಕಕ್ಕೆ ಬಂದವನಂತೆ ತಟ್ಟನೆ ನಿಂತ. ಚೆಲುವಿಯ ಕಡೆ ತಿರುಗಿ, "ಹೊರಡೋಣ್ವಾ?" ಎಂದು ಕೇಳಿದ. ಅವಳು ಅಪ್ಪನನ್ನು ನೋಡಿದಳು, ಗೋಡೆಯ ಪಕ್ಕ ಕುಳಿತಿದ್ದ ನಮ್ಮನ್ನೆಲ್ಲ ನೋಡಿದಳು. "ಇನ್ನೊಂದ್ ಹಾಡು ಆಗ್ಲಿ" ಎಂದಳು. ಆಗಲಿ ಎಂದು ಅವನು ಮತ್ತೆ ಕುಳಿತುಕೊಂಡ.